ಅಚ್ಚನ್ನು ಅರಿತು ಪ್ಲಾಸ್ಟಿಕ್ ಸಾಮಾನು ಕೊಳ್ಳಿರಿ

ಸಂಕ್ರಾಂತಿ ಹತ್ತಿರವಾದಾಗ ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಸಕ್ಕರೆ ಅಚ್ಚು ಮಾಡುವುದುಂಟು. ಮರದಲ್ಲಿ ಕೊರೆದ ಎರಡು ಹೋಳುಗಳ ಅಚ್ಚನ್ನು ನೀರಿನಲ್ಲಿ ನೆನೆಸಿ, ಒಂದಕ್ಕೊಂದು ಜೋಡಿಸಿ ಬಿಗಿದು, ಹದವಾದ ಸಕ್ಕರೆ ಪಾಕವನ್ನು ಸುರಿಯುತ್ತಾರೆ. ಪಾಕ ಆರಿದ ಮೇಲೆ ಹೋಳುಗಳನ್ನು ಬಿಡಿಸಿದರೆ ಆನೆಯೋ ಗಿಳಿಯೋ ಹೊರಬರುತ್ತದೆ. ಪಾಕ ಎಳೆಯದಾದರೆ ಬೊಂಬೆ ಗಟ್ಟಿಯಾಗದು. ಪಾಕ ಮುಂದೆ ಹೋದರೆ ಸೊಂಡಿಲಿನ ತುದಿಯವರೆಗೆ ಹರಿಯದೆ ನಡುವೆಯೇ ನಿಲ್ಲುತ್ತದೆ. ಆತುರಪಟ್ಟು ಬಿಡಿಸಿದರೆ ಮುರಿಯುತ್ತದೆ. ಹೋಳುಗಳು ಕೂಡಿದ ಕಡೆ ಒಂದು ಸಣ್ಣ ಗೆರೆ ಉಳಿಯುತ್ತದೆ.

ರೈತರು ಇಂದು ಬಳಸುವ ಪ್ಲಾಸ್ಟಿಕ್ ಸಾಮಾನುಗಳಲ್ಲಿ ಹೆಚ್ಚಿನವು ಇದೇ ತತ್ವದ ಮೇಲೆ ತಯಾರಾಗುತ್ತವೆ. ಪೈಪು, ಎಲ್ಬೋ, ಡ್ರಿಪ್ಪರ್, ಔಷಧಿ ಸಿಂಪಡಿಸುವ ಟ್ಯಾಂಕು, ಟೊಮೇಟೊ ಕ್ರೇಟು, ಸಸಿ ಬೆಳೆಸುವ ಪ್ರೊಟ್ರೇ, ನೀರಿನ ತೊಟ್ಟಿ ಇವೆಲ್ಲ ಒಂದೇ ರೀತಿಯಲ್ಲಿ ಆದವುಗಳಲ್ಲ. ಒಂದೊಂದಕ್ಕೂ ಬೇರೆ ವಿಧಾನವಿದೆ, ಒಂದೊಂದು ವಿಧಾನಕ್ಕೂ ತನ್ನದೇ ಆದ ದುರ್ಬಲ ಜಾಗವಿದೆ. ಸಾಮಾನು ಯಾವ ಅಚ್ಚಿನಿಂದ ಬಂದಿದೆ ಎಂದು ತಿಳಿದವನಿಗೆ ಅದು ಎಲ್ಲಿ ಒಡೆಯುತ್ತದೆ ಎಂಬುದೂ ತಿಳಿಯುತ್ತದೆ. ರಾತ್ರಿ ಮೂರು ಫೇಸ್ ವಿದ್ಯುತ್ ಬಂದು ಪಂಪು ಚಾಲೂ ಆದಾಗ ಒಂದು ಟೀ ಸೀಳಿದರೆ ಬೆಳಗಿನವರೆಗೆ ನೀರು ಒಂದೇ ಕಡೆ ಹರಿದು, ಉಳಿದ ಬೆಳೆ ಒಣಗುತ್ತದೆ. ಕೆಲವೇ ರೂಪಾಯಿಗಳ ಬಿಡಿಭಾಗದಿಂದ ಆಗುವ ನಷ್ಟ ಸಾವಿರಗಟ್ಟಲೆ. ಆದುದರಿಂದ ಈ ವಿಷಯವನ್ನು ರೈತ ಬಾಂಧವರು ತಿಳಿದಿರುವುದು ಒಳ್ಳೆಯದು.

ನಾಗಸಂದ್ರದ ಸುತ್ತಮುತ್ತ

ತುಮಕೂರಿನ ಕಡೆಯಿಂದ ಯಶವಂತಪುರದ ಮಾರುಕಟ್ಟೆಗೆ ಹೆದ್ದಾರಿಯಲ್ಲಿ ಬರುವವರು ನಾಗಸಂದ್ರವನ್ನು ದಾಟಿ ಬರುತ್ತಾರೆ. 2015ರಿಂದ 2024ರ ನವೆಂಬರಿನವರೆಗೆ ಮೆಟ್ರೊ ರೈಲಿನ ಹಸಿರು ಮಾರ್ಗ ಇಲ್ಲಿಯೇ ಕೊನೆಗೊಳ್ಳುತ್ತಿತ್ತು. ಈಗ ಅದು ಮಾದಾವರದವರೆಗೆ ಹೋಗುತ್ತದೆ. ಇದಕ್ಕೆ ತಾಗಿಕೊಂಡಿರುವುದೇ 1970ರ ದಶಕದಿಂದ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶ. ಇಲ್ಲಿನ ಸಾವಿರಾರು ಸಣ್ಣ ಕಾರ್ಖಾನೆಗಳ ನಡುವೆ ಉಕ್ಕಿನಲ್ಲಿ ಅಚ್ಚು ಕೊರೆಯುವ ಶೆಡ್ಡುಗಳೂ ಇವೆ, ಆ ಅಚ್ಚುಗಳಿಂದ ಪ್ಲಾಸ್ಟಿಕ್ ಬಿಡಿಭಾಗ ತೆಗೆಯುವ ಶೆಡ್ಡುಗಳೂ ಇವೆ. ಎರಡೂ ಹತ್ತಿರ ಹತ್ತಿರ ಇರುವುದಕ್ಕೆ ಕಾರಣವಿದೆ. ಅಚ್ಚಿನಲ್ಲಿ ಸ್ವಲ್ಪ ದೋಷ ಕಂಡರೂ ಅದನ್ನು ಯಂತ್ರದಿಂದ ಇಳಿಸಿ, ಕೊರೆದವನ ಬಳಿಗೆ ಒಯ್ದು, ತಿದ್ದಿಸಿ ತರಬೇಕಾಗುತ್ತದೆ.

ಬೆಲ್ಲದಂಥದು, ಇಟ್ಟಿಗೆಯಂಥದು

ವಿಧಾನಗಳನ್ನು ತಿಳಿಯುವ ಮೊದಲು ಪ್ಲಾಸ್ಟಿಕ್ಕಿನಲ್ಲಿ ಎರಡು ಜಾತಿಗಳಿವೆ ಎಂಬುದನ್ನು ನೆನಪಿಡಬೇಕು. ಮೊದಲನೆಯದು ಬೆಲ್ಲದಂಥದು. ಕಾಯಿಸಿದರೆ ಕರಗುತ್ತದೆ, ಆರಿಸಿದರೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಪಾಲಿಥೀನ್, ಪಾಲಿಪ್ರೊಪಿಲೀನ್, ಪಿ.ವಿ.ಸಿ., ಪಾಲಿಸ್ಟೈರೀನ್ ಇವು ಈ ಜಾತಿಯವು. ಎರಡನೆಯದು ಸುಟ್ಟ ಇಟ್ಟಿಗೆಯಂಥದು. ಒಮ್ಮೆ ಬೆಂದು ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಹೆಚ್ಚು ಕಾಯಿಸಿದರೆ ಕರಿಕಾಗುತ್ತದೆ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕಲೈಟ್ ಈ ಜಾತಿಗೆ ಸೇರಿದ್ದು.

ಬೆಲ್ಲದ ಜಾತಿಯ ಹಳೆಯ ಪೈಪು, ಕ್ರೇಟುಗಳನ್ನು ಗುಜರಿಯವರು ಕೊಂಡುಕೊಳ್ಳುವುದು ಅವನ್ನು ಮತ್ತೆ ಕರಗಿಸಬಹುದಾದ್ದರಿಂದಲೇ. ಇಟ್ಟಿಗೆ ಜಾತಿಯದು ಒಡೆದರೆ ಅದನ್ನು ಕರಗಿಸಿ ಬೇರೆ ಸಾಮಾನು ಮಾಡಲಾಗುವುದಿಲ್ಲ.

1. ಇಂಜೆಕ್ಷನ್ ಮೋಲ್ಡಿಂಗ್: ಒತ್ತಿ ತುಂಬುವ ವಿಧಾನ

ಇದು ಸಕ್ಕರೆ ಅಚ್ಚಿನ ಅಣ್ಣನೆನ್ನಬಹುದು. ಅಮೆರಿಕದ ಹಯಾಟ್ ಸಹೋದರರು 1872ರಲ್ಲಿಯೇ ಇಂಥ ಯಂತ್ರಕ್ಕೆ ಹಕ್ಕುಪತ್ರ ಪಡೆದಿದ್ದರು. ಹಿಟ್ಟಿನ ಗಿರಣಿಯಲ್ಲಿರುವಂಥ ಬಾಯಿಗೆ ಪ್ಲಾಸ್ಟಿಕ್ ಹರಳುಗಳನ್ನು ಸುರಿಯಲಾಗುತ್ತದೆ. ಅವು ಕಾದ ಉಕ್ಕಿನ ಕೊಳವೆಯೊಳಗೆ ಇಳಿಯುತ್ತವೆ. ಒಳಗೆ ತಿರುಗುವ ದೊಡ್ಡ ತಿರುಪು ಅವನ್ನು ಮುಂದಕ್ಕೆ ತಳ್ಳುತ್ತಾ ಕರಗಿಸುತ್ತದೆ. ಪಾಲಿಪ್ರೊಪಿಲೀನ್ ಆದರೆ 200ರಿಂದ 260 ಡಿಗ್ರಿ ಸೆಂಟಿಗ್ರೇಡ್‌ವರೆಗೆ ಕಾಯಿಸುವುದು ವಾಡಿಕೆ. ಕರಗಿದ ಮಾಲನ್ನು ತಿರುಪು ಒಂದೇ ನೂಕಿಗೆ ಬಿಗಿಯಾಗಿ ಮುಚ್ಚಿದ ಉಕ್ಕಿನ ಅಚ್ಚಿನೊಳಗೆ ಒತ್ತುತ್ತದೆ. ಈ ಒತ್ತಡ ಒಂದು ಚದರ ಸೆಂಟಿಮೀಟರಿಗೆ ನೂರಾರು ಕಿಲೋಗ್ರಾಂ ಇರುವುದರಿಂದ ಅಚ್ಚು ಬಾಯಿ ಬಿಡದಂತೆ ಯಂತ್ರ ಅದನ್ನು ಹತ್ತಾರು ಅಥವಾ ನೂರಾರು ಟನ್ ಬಲದಿಂದ ಅದುಮಿ ಹಿಡಿದಿರಬೇಕು. ಅಚ್ಚಿನ ಗೋಡೆಗಳಲ್ಲಿ ಕೊರೆದ ದಾರಿಗಳಲ್ಲಿ ತಣ್ಣೀರು ಹರಿಯುತ್ತಿರುತ್ತದೆ. ಸಾಮಾನು ಆರಿದೊಡನೆ ಅಚ್ಚು ತೆರೆದು, ಸಣ್ಣ ಕಡ್ಡಿಗಳು ಅದನ್ನು ಹೊರದೂಡುತ್ತವೆ. ಸಣ್ಣ ಬಿಡಿಭಾಗವಾದರೆ ಇಷ್ಟೆಲ್ಲ ಅರ್ಧ ನಿಮಿಷದೊಳಗೆ ಮುಗಿಯುತ್ತದೆ.

ಪಿ.ವಿ.ಸಿ. ಎಲ್ಬೋ, ಟೀ, ಎಂಡ್ ಕ್ಯಾಪ್, ಡ್ರಿಪ್ಪರ್, ತುಂತುರು ನೀರಾವರಿಯ ಪ್ಲಾಸ್ಟಿಕ್ ನಳಿಕೆ, ಕ್ರೇಟು, ಬಕೆಟ್ಟು ಇವು ಈ ವಿಧಾನದವು. ಬಕೆಟ್ಟಿನ ತಳದ ನಡುವೆ ಕಾಣುವ ಸಣ್ಣ ಮೊಳೆಯಂಥ ಗುರುತು ಪ್ಲಾಸ್ಟಿಕ್ ಒಳಹೊಕ್ಕ ದಾರಿ.

ದುರ್ಬಲ ಜಾಗ: ಎಲ್ಬೋದಂಥ ಟೊಳ್ಳು ಸಾಮಾನಿನ ಅಚ್ಚಿನ ನಡುವೆ ಉಕ್ಕಿನ ದಿಂಡೊಂದಿರುತ್ತದೆ. ಕಾಲುವೆಯ ನೀರು ಕಲ್ಲಿಗೆ ಬಡಿದು ಕವಲಾಗಿ ಮತ್ತೆ ಕೂಡುವಂತೆ, ಕರಗಿದ ಪ್ಲಾಸ್ಟಿಕ್ ಆ ದಿಂಡನ್ನು ಸುತ್ತಿ ಆಚೆ ಬದಿಯಲ್ಲಿ ಕೂಡುತ್ತದೆ. ಕೂಡುವ ವೇಳೆಗೆ ಮಾಲು ತಣ್ಣಗಾಗಿದ್ದರೆ ಎರಡೂ ಕವಲು ಸರಿಯಾಗಿ ಬೆಸೆಯುವುದಿಲ್ಲ. ಅಲ್ಲಿ ಕೂದಲಿನಂಥ ಗೆರೆ ಉಳಿಯುತ್ತದೆ. ಪಂಪಿನ ಒತ್ತಡಕ್ಕೆ ಟೀ ಸೀಳುವುದು ಹೆಚ್ಚಾಗಿ ಈ ಗೆರೆಯ ಮೇಲೆಯೇ. ಪ್ಲಾಸ್ಟಿಕ್ ಹೊಕ್ಕ ಗುರುತಿನ ಎದುರು ಬದಿಯನ್ನು ಬಿಸಿಲಿಗೆ ಹಿಡಿದು ನೋಡಿರಿ. ಉಗುರಿಗೆ ತಾಕುವಷ್ಟು ಗೆರೆ ಇದ್ದರೆ ಅಂಥದನ್ನು ಕೊಳ್ಳಬಾರದು.

ಇನ್ನೊಂದು ವಿಷಯ. ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆ. ಪಿ.ವಿ.ಸಿ. ನೂರಕ್ಕೆ ಅರ್ಧದಷ್ಟೂ ಕುಗ್ಗುವುದಿಲ್ಲ. ಪಾಲಿಥೀನ್ ನೂರಕ್ಕೆ ಒಂದೂವರೆಯಿಂದ ಮೂರರವರೆಗೆ ಕುಗ್ಗುತ್ತದೆ. ಈ ಕುಗ್ಗುವಿಕೆಯನ್ನು ಲೆಕ್ಕ ಹಾಕಿಯೇ ಅಚ್ಚನ್ನು ಕೊರೆದಿರುತ್ತಾರೆ. ಅಚ್ಚು ಅದೇ ಇದ್ದು ಮಾಲು ಮಾತ್ರ ಬೇರೆಯಾದರೆ ಅಳತೆ ತಪ್ಪುತ್ತದೆ. ಕಲಬೆರಕೆ ಮಾಲಿನ ಕಪ್ಲಿಂಗು ಕೆಲವೊಮ್ಮೆ ಸಡಿಲ, ಕೆಲವೊಮ್ಮೆ ಬಿಗಿಯಾಗಲು ಇದೂ ಒಂದು ಕಾರಣ. ಆದುದರಿಂದ ಪೈಪಿನ ತುಂಡೊಂದನ್ನು ಅಂಗಡಿಗೆ ಒಯ್ದು ಹೊಂದಿಸಿ ನೋಡುವುದು ಉತ್ತಮ.

2. ಎಕ್ಸ್‌ಟ್ರೂಷನ್: ಚಕ್ಕುಲಿ ಒರಳಿನ ವಿಧಾನ

ನಿಜ ಹೇಳುವುದಾದರೆ ಇದರಲ್ಲಿ ಮುಚ್ಚಿದ ಅಚ್ಚಿಲ್ಲ. ಚಕ್ಕುಲಿ ಒರಳಿನಲ್ಲಿ ಹಿಟ್ಟನ್ನು ಒತ್ತಿದಾಗ ಬಿಲ್ಲೆಯ ತೂತಿನ ಆಕಾರದಲ್ಲಿ ಎಳೆ ಹೊರಬರುವಂತೆ, ಕರಗಿದ ಪ್ಲಾಸ್ಟಿಕ್ ಉಕ್ಕಿನ ಬಾಯಿಯ ಮೂಲಕ ನಿರಂತರವಾಗಿ ಹೊರಬಂದು ನೀರಿನ ತೊಟ್ಟಿಯಲ್ಲಿ ಗಟ್ಟಿಯಾಗುತ್ತದೆ. ಪಿ.ವಿ.ಸಿ. ಪೈಪು, ಎಚ್.ಡಿ.ಪಿ.ಇ. ಪೈಪು, ಹನಿ ನೀರಾವರಿಯ ಲ್ಯಾಟರಲ್ ಎಲ್ಲ ಹೀಗೆಯೇ ತಯಾರಾಗುತ್ತವೆ. ಮಲ್ಚಿಂಗ್ ಹಾಳೆಯೂ ಇದೇ ಕುಟುಂಬದ್ದು. ತೆಳುವಾದ ಕೊಳವೆಯಾಗಿ ಹೊರಬಂದ ಪ್ಲಾಸ್ಟಿಕ್ಕಿನೊಳಗೆ ಗಾಳಿ ತುಂಬಿ, ದೊಡ್ಡ ಗುಳ್ಳೆಯಂತೆ ಉಬ್ಬಿಸಿ, ಆರಿದ ಮೇಲೆ ಮಡಿಸಿ ಸುತ್ತಲಾಗುತ್ತದೆ.

ದುರ್ಬಲ ಜಾಗ: ಒಳಗಿನ ದಿಂಡು ಸರಿಯಾಗಿ ನಡುವೆ ಇರದಿದ್ದರೆ ಪೈಪಿನ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳುವಾಗುತ್ತದೆ. ಕತ್ತರಿಸಿದ ತುದಿಯನ್ನು ಸುತ್ತಲೂ ನೋಡಿದರೆ ಇದು ತಿಳಿಯುತ್ತದೆ. ಪಿ.ವಿ.ಸಿ. ಪೈಪು ಐ.ಎಸ್. 4985ರ ಪ್ರಕಾರ ಚದರ ಸೆಂಟಿಮೀಟರಿಗೆ 2.5, 4, 6, 8, 10, 12.5 ಕೆ.ಜಿ. ಒತ್ತಡದ ದರ್ಜೆಗಳಲ್ಲಿ ಬರುತ್ತದೆ. 1 ಕೆ.ಜಿ. ಎಂದರೆ ಸುಮಾರು 10 ಮೀಟರ್ ಎತ್ತರದ ನೀರಿನ ಭಾರ. ಈ ಒತ್ತಡ 27 ಡಿಗ್ರಿ ಉಷ್ಣತೆಗೆ ಹೇಳಿದ್ದು. ಪೈಪು ಬಿಸಿಯಾದಷ್ಟೂ ಅದರ ಶಕ್ತಿ ಕುಂದುತ್ತದೆ. ಪಿ.ವಿ.ಸಿ. ಪೈಪನ್ನು ಬಿಸಿಲಿಗೆ ಬಿಡದೆ ಮಣ್ಣಿನಲ್ಲಿ ಹೂಳಬೇಕು ಎನ್ನುವುದು ಇದರಿಂದಲೂ. ಕೆಲವರು ಪೈಪಿನ ತುದಿಯನ್ನು ಬೆಂಕಿಯಲ್ಲಿ ಕಾಯಿಸಿ ಅಗಲ ಮಾಡಿ ಇನ್ನೊಂದು ಪೈಪನ್ನು ತೂರಿಸುತ್ತಾರೆ. ಹೀಗೆ ಮಾಡಿದಾಗ ಗೋಡೆ ತೆಳುವಾಗುತ್ತದೆ, ಒಂದು ಮಗ್ಗುಲು ಸೀದು ಹೋಗುತ್ತದೆ. ಕಪ್ಲರ್ ಹಾಕುವುದೇ ಸರಿಯಾದ ಕ್ರಮ.

ಪಿ.ವಿ.ಸಿ.ಗೆ ಹಾಕುವ ಅಂಟು ಎಚ್.ಡಿ.ಪಿ.ಇ. ಪೈಪಿಗೆ ಹಿಡಿಯುವುದಿಲ್ಲ. ಅದನ್ನು ಕಾಯಿಸಿ ಬೆಸೆಯಬೇಕು, ಇಲ್ಲವೇ ಬಿಗಿಯುವ ಕಪ್ಲರ್ ಹಾಕಬೇಕು. ಲ್ಯಾಟರಲ್ ಕೊಳವೆಗೆ ನೂರಕ್ಕೆ ಸುಮಾರು ಎರಡೂವರೆ ಭಾಗ ಇಂಗಾಲದ ಕಪ್ಪು ಪುಡಿ ಬೆರೆಸಿರಬೇಕು. ಬಿಸಿಲಿನ ಹೊಡೆತವನ್ನು ತಡೆಯುವುದು ಈ ಪುಡಿಯೇ. ಕೇವಲ ಕಪ್ಪು ಬಣ್ಣ ಕಂಡು ಮೋಸ ಹೋಗದೆ ಐ.ಎಸ್. 12786 ಎಂಬ ಗುರುತನ್ನು ನೋಡಬೇಕು. ಡ್ರಿಪ್ಪರ್ ಒಳಗೇ ಕೂಡಿಸಿದ ಕೊಳವೆಯಾದರೆ ಐ.ಎಸ್. 13488 ಎಂದಿರಬೇಕು.

3. ಬ್ಲೋ ಮೋಲ್ಡಿಂಗ್: ಊದಿ ಉಬ್ಬಿಸುವ ವಿಧಾನ

ಕರಗಿದ ಪ್ಲಾಸ್ಟಿಕ್ ಕೊಳವೆಯೊಂದು ಯಂತ್ರದಿಂದ ಕೆಳಕ್ಕೆ ಜೋತುಬೀಳುತ್ತದೆ. ಎರಡು ಹೋಳುಗಳ ಅಚ್ಚು ಅದನ್ನು ಎರಡೂ ಕಡೆಯಿಂದ ಹಿಡಿದು, ಕೆಳತುದಿಯನ್ನು ಚಿವುಟಿ ಮುಚ್ಚುತ್ತದೆ. ಅನಂತರ ಒಳಗೆ ಗಾಳಿ ಊದಿದಾಗ ಪ್ಲಾಸ್ಟಿಕ್ ಬಲೂನಿನಂತೆ ಉಬ್ಬಿ ಅಚ್ಚಿನ ಗೋಡೆಗೆ ಅಂಟಿಕೊಂಡು ಗಟ್ಟಿಯಾಗುತ್ತದೆ. ಕ್ಯಾನು, ಡ್ರಮ್ಮು, ಔಷಧಿ ಡಬ್ಬಿ, ಮತ್ತು ಸಾಮಾನ್ಯವಾಗಿ ಬೆನ್ನಿಗೆ ಹಾಕುವ ಸಿಂಪರಣಾ ಯಂತ್ರದ ಟ್ಯಾಂಕು ಈ ಬಗೆಯವು.

ದುರ್ಬಲ ಜಾಗ: ಬಲೂನು ಉಬ್ಬಿದಷ್ಟೂ ತೆಳುವಾಗುತ್ತದೆ. ಹಾಗೆಯೇ ಅಚ್ಚಿನ ಮೂಲೆಗಳಿಗೆ ಪ್ಲಾಸ್ಟಿಕ್ ಕೊನೆಗೆ ತಲುಪುವುದರಿಂದ ಮೂಲೆಗಳೇ ತೆಳು. ತಳದಲ್ಲಿ ಚಿವುಟಿದ ಗೆರೆ ಇನ್ನೊಂದು ದುರ್ಬಲ ಜಾಗ. ಸಿಂಪರಣಾ ಟ್ಯಾಂಕನ್ನು ಕೊಳ್ಳುವಾಗ ಮುಚ್ಚಳ ತೆಗೆದು ಬೆಳಕಿಗೆ ಹಿಡಿಯಬೇಕು. ಮೂಲೆಯಲ್ಲಿ ಬೆಳಕು ಉಳಿದ ಕಡೆಗಿಂತ ಬಹಳ ಹೆಚ್ಚಾಗಿ ಕಂಡರೆ ಅಲ್ಲಿ ಗೋಡೆ ತೆಳುವೆಂದು ತಿಳಿಯಬೇಕು. ಪ್ರತಿ ಹಂಗಾಮಿನ ಮೊದಲು ಬರಿಯ ನೀರು ತುಂಬಿ, ಒತ್ತಡ ಕೊಟ್ಟು, ತಳದ ಗೆರೆ ಒದ್ದೆಯಾಗುವುದೋ ಎಂದು ಪರೀಕ್ಷಿಸಬೇಕು. ಇದು ಹಣದ ಪ್ರಶ್ನೆಯಷ್ಟೇ ಅಲ್ಲ. ಸೋರುವ ಟ್ಯಾಂಕಿನ ವಿಷ ಸೋರುವುದು ಹೊತ್ತವನ ಬೆನ್ನಿನ ಮೇಲೆ. ಬಟ್ಟೆ ನೆನೆದು ಚರ್ಮದ ಮೂಲಕ ವಿಷ ದೇಹಕ್ಕೆ ಸೇರುತ್ತದೆ.

ಕೀಟನಾಶಕದ ಖಾಲಿ ಡಬ್ಬಿಯನ್ನು ಎಷ್ಟೇ ತೊಳೆದರೂ ಕುಡಿಯುವ ನೀರಿಗೆ, ಎಣ್ಣೆಗೆ, ಬೀಜಕ್ಕೆ ಬಳಸಲೇಬಾರದು. ಪ್ಲಾಸ್ಟಿಕ್ಕಿನ ಗೋಡೆ ಔಷಧಿಯನ್ನು ಸ್ವಲ್ಪಮಟ್ಟಿಗೆ ಹೀರಿಕೊಂಡಿರುತ್ತದೆ. ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪರಣಾ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಹಾಕಿ ಯಾರೂ ಬಳಸದಂತೆ ಮಾಡಬೇಕು.

4. ರೋಟೇಷನಲ್ ಮೋಲ್ಡಿಂಗ್: ತಿರುಗಿಸಿ ಸವರುವ ವಿಧಾನ

ಪಾತ್ರೆಗೆ ಎಣ್ಣೆ ಹಾಕಿ ಸುತ್ತಲೂ ತಿರುಗಿಸಿದರೆ ಒಳಮೈಗೆಲ್ಲ ಎಣ್ಣೆ ಸವರಿಕೊಳ್ಳುತ್ತದೆ. ಮನೆಯ ಮೇಲಿನ ಕಪ್ಪು ನೀರಿನ ತೊಟ್ಟಿ ತಯಾರಾಗುವುದು ಹೀಗೆಯೇ. ಟೊಳ್ಳಾದ ಲೋಹದ ಅಚ್ಚಿನೊಳಗೆ ಅಳೆದ ಪಾಲಿಥೀನ್ ಪುಡಿಯನ್ನು ಹಾಕಿ ಮುಚ್ಚಿ, 250 ಡಿಗ್ರಿಗಿಂತ ಹೆಚ್ಚು ಕಾದ ಒಲೆಯಲ್ಲಿ ಎರಡು ದಿಕ್ಕಿಗೂ ನಿಧಾನವಾಗಿ ತಿರುಗಿಸುತ್ತಾರೆ. ಪುಡಿ ಕರಗಿ ಒಳಮೈಗೆ ಅಂಟುತ್ತದೆ. ತಿರುಗಿಸುತ್ತಲೇ ಆರಿಸಿ ಬಿಚ್ಚುತ್ತಾರೆ. ಒತ್ತಡವಿಲ್ಲದ ಕಾರಣ ದೊಡ್ಡ ತೊಟ್ಟಿಗಳನ್ನೂ ಬೆಸುಗೆಯಿಲ್ಲದೆ ಒಂದೇ ತುಂಡಾಗಿ ಮಾಡಬಹುದು. ಊದುವ ವಿಧಾನಕ್ಕೆ ವಿರುದ್ಧವಾಗಿ ಇಲ್ಲಿ ಹೊರಮೂಲೆಗಳು ದಪ್ಪವಾಗಿಯೇ ಇರುತ್ತವೆ.

ದುರ್ಬಲ ಜಾಗ: ಕಾವು ಸಾಲದಿದ್ದರೆ ಪುಡಿ ಪೂರ್ತಿ ಕರಗದೆ ಒಳಮೈ ತರಿತರಿಯಾಗಿ ಉಳಿಯುತ್ತದೆ. ತೊಟ್ಟಿಯೊಳಗೆ ಕೈಯಾಡಿಸಿ ನುಣುಪಾಗಿದೆಯೇ ಎಂದು ನೋಡಬೇಕು. ಐ.ಎಸ್. 12701 ಗುರುತು ಇರಬೇಕು. ತೊಟ್ಟಿಯ ತಳ ಪೂರ್ತಿಯಾಗಿ ಸಮತಟ್ಟಾದ ಕಟ್ಟೆಯ ಮೇಲೆ ಕೂರಬೇಕು. ನಾಲ್ಕು ಕಲ್ಲಿನ ಮೇಲೆ ಇಟ್ಟರೆ 1000 ಲೀಟರ್ ನೀರಿನ ಒಂದು ಟನ್ ಭಾರಕ್ಕೆ ತಳ ಬಾಗಿ ಬಿರಿಯುತ್ತದೆ.

5. ಥರ್ಮೋಫಾರ್ಮಿಂಗ್: ಹಾಳೆಯನ್ನು ಎಳೆದು ಕೂರಿಸುವ ವಿಧಾನ

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ನಾಗಸಂದ್ರಕ್ಕೆ ದೂರವೇನಲ್ಲ. ಅಲ್ಲಿಗೆ ಹೋದವರು ತೆಂಗಿನ ನಾರಿನ ಪುಡಿ ತುಂಬಿದ ಪ್ರೊಟ್ರೇಗಳಲ್ಲಿ ತರಕಾರಿ ಸಸಿ ಬೆಳೆಸುವುದನ್ನು ಕಂಡಿರಬಹುದು. 98 ಕುಳಿಗಳ ಈ ತಟ್ಟೆ ಮೊದಲು ಒಂದು ಸಪಾಟಾದ ಪ್ಲಾಸ್ಟಿಕ್ ಹಾಳೆ. ಅದನ್ನು ಹಪ್ಪಳದಂತೆ ಮೆತ್ತಗಾಗುವವರೆಗೆ ಕಾಯಿಸಿ, ಕುಳಿಗಳಿರುವ ಅಚ್ಚಿನ ಮೇಲೆ ಹಾಸಿ, ಕೆಳಗಿನಿಂದ ಗಾಳಿಯನ್ನು ಎಳೆದರೆ ಹಾಳೆ ಕುಳಿಗಳೊಳಗೆ ಇಳಿದು ಕೂರುತ್ತದೆ.

ದುರ್ಬಲ ಜಾಗ: ಹಾಳೆ ಹಿಗ್ಗಿದ ಕಡೆ, ಅಂದರೆ ಕುಳಿಯ ತಳದ ಅಂಚಿನಲ್ಲಿ, ಅತಿ ತೆಳುವಾಗಿರುತ್ತದೆ. ಸಸಿ ಕೀಳುವಾಗ ಬೆರಳಿನಿಂದ ತಳವನ್ನು ಜೋರಾಗಿ ಚುಚ್ಚಿದರೆ ಹರಿಯುವುದು ಅಲ್ಲಿಯೇ. ನೀರು ಚೆನ್ನಾಗಿ ಉಣಿಸಿ, ಪಕ್ಕಗಳನ್ನು ಮೆಲ್ಲಗೆ ಒತ್ತಿ ಸಸಿ ತೆಗೆಯಬೇಕು. ಎರಡನೆಯ ಸಲ ಬಳಸುವಾಗ ತಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಬಾರದು. ಕಾವಿನಿಂದ ಕುಳಿಯಾದ ಹಾಳೆ ಕಾವಿಗೆ ಮತ್ತೆ ಸಪಾಟಾಗಲು ಎಳೆಯುತ್ತದೆ, ತಟ್ಟೆ ಸೊಟ್ಟಗಾಗಬಹುದು. ಸಾಬೂನಿನಿಂದ ತೊಳೆದು, ಶಿಫಾರಸು ಮಾಡಿದ ಸೋಂಕುನಿವಾರಕದಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ ಇಡುವುದು ಸರಿಯಾದ ಕ್ರಮ.

6. ಕಂಪ್ರೆಷನ್ ಮೋಲ್ಡಿಂಗ್: ಅದುಮಿ ಬೇಯಿಸುವ ವಿಧಾನ

ಇದು ಇಟ್ಟಿಗೆ ಜಾತಿಯ ಪ್ಲಾಸ್ಟಿಕ್ಕಿಗೆ ಮತ್ತು ರಬ್ಬರಿಗೆ ತಕ್ಕ ವಿಧಾನ. ಅಳೆದ ಪುಡಿಯನ್ನೋ ರಬ್ಬರಿನ ತುಂಡನ್ನೋ ಕಾದ ಅಚ್ಚಿನ ಕೆಳಹೋಳಿನಲ್ಲಿಟ್ಟು, ಮೇಲುಹೋಳನ್ನು ಇಳಿಸಿ ಅದುಮಿ ಹಿಡಿದರೆ ಮಾಲು ಅಲ್ಲಿಯೇ ಬೆಂದು ಗಟ್ಟಿಯಾಗುತ್ತದೆ. ಬೇಕಲೈಟಿನ ಸ್ವಿಚ್ಚು, ಕುಕ್ಕರಿನ ಹಿಡಿ, ಪಂಪಿನ ಮತ್ತು ಸಿಂಪರಣಾ ಯಂತ್ರದ ರಬ್ಬರ್ ವಾಷರುಗಳು ಹೀಗೆ ಆಗುತ್ತವೆ.

ದುರ್ಬಲ ಜಾಗ: ಬೇಕಲೈಟ್ ಕಾವನ್ನು ತಡೆಯುತ್ತದೆ, ವಿದ್ಯುತ್ತನ್ನು ತಡೆಯುತ್ತದೆ, ಆದರೆ ಪೆಟ್ಟನ್ನು ತಡೆಯದು. ಬಿರುಕು ಬಿಟ್ಟ ಸ್ವಿಚ್ಚು, ಸ್ಟಾರ್ಟರಿನ ಭಾಗಗಳನ್ನು ಅಂಟು ಹಾಕಿಯೋ ಟೇಪು ಸುತ್ತಿಯೋ ಬಳಸಬಾರದು. ಬಿರುಕಿನಲ್ಲಿ ತೇವ ಸೇರಿದರೆ ಪ್ರಾಣಕ್ಕೇ ಅಪಾಯ. ಅಂಥದನ್ನು ಕೂಡಲೇ ಬದಲಾಯಿಸಬೇಕು.

ಅಚ್ಚಿನ ಬೆಲೆ

ಹೊಸ ಉಪಕರಣದ ಆಲೋಚನೆ ಇರುವ ರೈತರು ಕೆಲವೊಮ್ಮೆ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿಸಲು ಬಯಸುತ್ತಾರೆ. ಅವರು ಒಂದು ಲೆಕ್ಕವನ್ನು ಗಮನಿಸಬೇಕು. ಒತ್ತಿ ತುಂಬುವ ವಿಧಾನದ ಅಚ್ಚಿಗೆ 3 ಲಕ್ಷ ರೂಪಾಯಿ ಬಿತ್ತೆಂದು ಇಟ್ಟುಕೊಳ್ಳಿ. ಒಂದು ಸಾವಿರ ಸಾಮಾನು ತೆಗೆದರೆ ಒಂದೊಂದರ ಮೇಲೆ ಅಚ್ಚಿನ ಖರ್ಚೇ 300 ರೂಪಾಯಿ. ಒಂದು ಲಕ್ಷ ತೆಗೆದರೆ ಬರಿಯ 3 ರೂಪಾಯಿ. ಡ್ರಿಪ್ಪರ್ ಅಗ್ಗವಾಗಿ ಸಿಗುವುದು ಲಕ್ಷಗಟ್ಟಲೆ ತೆಗೆಯುವುದರಿಂದ. ನೂರಿನ್ನೂರು ಸಾಮಾನು ಸಾಕೆನ್ನುವವರು ಸಿದ್ಧ ಪೈಪು, ಹಾಳೆಗಳನ್ನು ಕತ್ತರಿಸಿ ಜೋಡಿಸುವುದೇ ಲಾಭಕರ.

ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳು

1. ಐ.ಎಸ್.ಐ. ಗುರುತಿನ ಜೊತೆಗೆ ಸಿ.ಎಂ./ಎಲ್. ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಈ ಸಂಖ್ಯೆ ನಿಜವೇ ಎಂದು ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು.

2. ಬಣ್ಣದಲ್ಲಿ ಪಟ್ಟೆ, ಸುಟ್ಟ ಕಪ್ಪು ಚುಕ್ಕೆ, ಕಮಟು ವಾಸನೆ ಇದ್ದರೆ ಕಂಡಕಂಡ ಗುಜರಿಯನ್ನು ಕರಗಿಸಿದ ಮಾಲಿರಬಹುದು. ಕಾರ್ಖಾನೆಯವರು ತಮ್ಮದೇ ಶುದ್ಧ ಉಳಿಕೆಯನ್ನು ಸ್ವಲ್ಪ ಬೆರೆಸುವುದು ಬೇರೆ, ಇದು ಬೇರೆ.

3. ಕ್ರೇಟಿನ ಹಿಡಿಯ ಬಳಿ ಮತ್ತು ಮೂಲೆಗಳಲ್ಲಿ ಅಮುಕಿ ನೋಡಿರಿ. ಬಾಗಿ ಹಿಂದಿರುಗಬೇಕು, ಚಟ್ಟೆಂದು ಬಿಳಿಗಟ್ಟಬಾರದು.

4. ಎಲ್ಬೋ, ಟೀಗಳ ಒತ್ತಡದ ದರ್ಜೆ ಪೈಪಿನ ದರ್ಜೆಗಿಂತ ಕಡಿಮೆ ಇರಬಾರದು.

5. ರಸೀತಿಯನ್ನು ಪಡೆದು ಜೋಪಾನವಾಗಿಡಿರಿ.

ಬಳಕೆ ಮುಗಿದ ಪೈಪು, ಹಾಳೆ, ತಟ್ಟೆಗಳನ್ನು ಹೊಲದಲ್ಲಿ ಸುಡಬಾರದು. ಪಿ.ವಿ.ಸಿ. ಸುಟ್ಟಾಗ ಕಣ್ಣು, ಶ್ವಾಸಕೋಶಗಳಿಗೆ ಹಾನಿ ಮಾಡುವ ಆಮ್ಲದ ಹೊಗೆ ಏಳುತ್ತದೆ. ಮಣ್ಣು ಕೊಡವಿ, ಜಾತಿವಾರು ಬೇರ್ಪಡಿಸಿ ಗುಜರಿಗೆ ಕೊಟ್ಟರೆ ಬೆಲೆಯೂ ಬರುತ್ತದೆ.

ಎಸ್.ಎಸ್.ಎಲ್.ಸಿ. ಮುಗಿಸಿದ ರೈತರ ಮಕ್ಕಳಿಗೆ ಈ ಕಸಬಿನಲ್ಲಿ ಅವಕಾಶವಿದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಅಚ್ಚು ತಯಾರಿಕೆಯಲ್ಲಿ ಡಿಪ್ಲೊಮಾ ನೀಡುತ್ತದೆ. ಪ್ಲಾಸ್ಟಿಕ್ ತಂತ್ರಜ್ಞಾನಕ್ಕೆಂದೇ ಇರುವ ಸಿಪೆಟ್ ಸಂಸ್ಥೆಯ ಕೇಂದ್ರ ಮೈಸೂರಿನಲ್ಲಿದೆ.

ಬಿತ್ತನೆ ಬೀಜ ಕೊಳ್ಳುವಾಗ ಅಂಗೈ ಮೇಲೆ ಹರಡಿ, ತಿರುವಿ ನೋಡುವುದು ನಮ್ಮ ರೂಢಿ. ಅದೇ ರೂಢಿಯನ್ನು ಪ್ಲಾಸ್ಟಿಕ್ ಸಾಮಾನಿಗೂ ಬೆಳೆಸಿಕೊಂಡರೆ ಹಣವೂ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ.